"ಪರಿಚಯದವನೇ ಅದಾನ್ರೀ ಸಾಹೇಬ್ರ..."

ಹೋದ ತಿಂಗಳು ನಮ್ಮ ಬ್ರಾಂಚಿಗೆ ಕಲಬುರಗಿ ಕಡೆಯ ತಾಯಿ-ಮಗ ಬಂದಿದ್ದರು. ಮುಂಬಯಿಗೆ ಬಂದು ಹತ್ತು ವರ್ಷವಾಯಿತಂತೆ. ಬಂಗಾರದ ಮೇಲೆ ಒಂದೂವರೆ ಲಕ್ಷ ಸಾಲ ಬೇಕು. ಮಗನಿಗೆ ಥಾಯ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸ, ಏಜೆಂಟನಿಗೆ ಕೊಡಬೇಕಂತೆ.

"ವೀಸಾ ಯಾವುದಪ್ಪಾ?" ಅಂದೆ.

"ಈಗ ಟೂರಿಸ್ಟ್ ಸರ್, ಅಲ್ಲಿ ಹೋದ ಮೇಲೆ ಬದಲು ಮಾಡಿಸ್ತಾರಂತ್ರಿ."

ನನ್ನ ಮುಖ ನೋಡಿ ತಾಯಿ ಅಂದರು, "ಏಜೆಂಟ ನಮ್ಮ ಪರಿಚಯದವನೇ ಅದಾನ್ರೀ ಸಾಹೇಬ್ರ."

ಮಾನವ ಕಳ್ಳಸಾಗಣೆ ಅಂದರೆ ಬಾಯಿಗೆ ಬಟ್ಟೆ ತುರುಕಿ ವ್ಯಾನಿನಲ್ಲಿ ಎತ್ತಿಕೊಂಡು ಹೋಗುವುದು ಅಂದುಕೊಂಡಿದ್ದೇವೆ. ಈಗ ಹಾಗೇ ಆಗಬೇಕೆಂದಿಲ್ಲ. ಹುಡುಗ ಅಮ್ಮನಿಗೆ ನಮಸ್ಕಾರ ಮಾಡಿ ತಾನೇ ವಿಮಾನ ಹತ್ತುತ್ತಾನೆ. ಬ್ಯಾಂಕಾಕಿನಿಂದ ಗಡಿಯ ಊರು ಮೇ ಸೋಟ್, ಅಲ್ಲಿ ಹೊಳೆ ದಾಟಿದರೆ ಮ್ಯಾನ್ಮಾರ್. ಪಾಸ್‌ಪೋರ್ಟ್ ಕಿತ್ತುಕೊಳ್ಳುತ್ತಾರೆ. ಆನ್‌ಲೈನಿನಲ್ಲಿ ಜನರನ್ನು ವಂಚಿಸುವುದೇ ಕೆಲಸ. ಟಾರ್ಗೆಟ್ ಮುಟ್ಟದಿದ್ದರೆ ಹೊಡೆತ, ಕರೆಂಟ್ ಶಾಕ್.

ಹೀಗೆ ಸಿಕ್ಕಿಬಿದ್ದವರು ಮ್ಯಾನ್ಮಾರಿನಲ್ಲೇ ಕನಿಷ್ಠ 1,20,000, ಕಾಂಬೋಡಿಯಾದಲ್ಲಿ ಸುಮಾರು 1,00,000 ಇರಬಹುದೆಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2023ರಲ್ಲಿ ಹೇಳಿತು. 2025ರ ಮಾರ್ಚಿನಲ್ಲಿ ನಮ್ಮ ವಾಯುಪಡೆಯ ವಿಮಾನಗಳು ಮೇ ಸೋಟ್‌ನಿಂದ 549 ಭಾರತೀಯರನ್ನು ಕರೆತಂದವು.

ಬ್ಯಾಂಕಿನಲ್ಲಿ ನಾನು ನೋಡುವುದು ಇದರ ಇನ್ನೊಂದು ತುದಿ. ಪೆನ್ಶನ್ ದುಡ್ಡು ಕಳೆದುಕೊಂಡ ಹಿರಿಯರು ಮುಂದೆ ಕೂತು ಅಳುತ್ತಾರೆ, ಮೋಸ ಮಾಡಿದವನಿಗೆ ಶಾಪ ಹಾಕುತ್ತಾರೆ. ನಾನೂ ಹಾಕಿದ್ದೇನೆ. ಆದರೆ ಆ ಕಡೆ ಕೂತವನೂ ಇಂಥದೇ ತಾಯಿಯ ಮಗನಿರಬಹುದಲ್ಲ? ಗೊತ್ತಿದ್ದೇ ವಂಚನೆಗೆ ಇಳಿದವನಿಗೆ ಶಿಕ್ಷೆಯಾಗಲಿ. ಹೊಡೆತ ತಿಂದು ಬಂದವನನ್ನೂ ಕಳ್ಳ ಎಂದರೆ, ಅವನು ಬಾಯಿ ಬಿಡುವುದಿಲ್ಲ, ಕಳಿಸಿದ ಏಜೆಂಟ ಸಿಕ್ಕುವುದೂ ಇಲ್ಲ.

ನಾವೆಲ್ಲ ಪರಿಚಯದವರನ್ನು ನಂಬಿಯೇ ಊರು ಬಿಟ್ಟವರು. 1993ರಲ್ಲಿ ಬಿ.ಕಾಂ. ಮುಗಿಸಿ ಬಂದಾಗ ನಾನು ಮಲಗಿದ್ದು ಮಾವನ ಗೆಳೆಯರ ಖೋಲಿಯಲ್ಲಿ. ಆ ನಂಬಿಕೆಯನ್ನೇ ಇವರು ಬಂಡವಾಳ ಮಾಡಿಕೊಂಡಿದ್ದಾರೆ. ಹಾಗಾಗಿ ನಾಲ್ಕಕ್ಷರ ಕಲಿತ ನಾವು, ನಮ್ಮವರು ಹೊರಟಾಗ, ಬರೀ "ಒಳ್ಳೇದಾಗಲಿ" ಎಂದರೆ ಸಾಲದು. ಕೆಲಸದ ವೀಸಾ ಇದೆಯಾ? ಏಜೆಂಟ ಸರ್ಕಾರದಲ್ಲಿ ನೋಂದಾಯಿಸಿದ್ದಾನಾ? ಕೇಳಲೇಬೇಕು.

ಅವತ್ತು ಮೂವರೂ ಕೂತು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣ ನೋಡಿದೆವು. ಏಜೆಂಟನ ಹೆಸರಿರಲಿಲ್ಲ. ತಾಯಿ ಬಳೆಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಎದ್ದರು. ಹುಡುಗನಿಗೆ ನನ್ನ ಮೇಲೆ ಸಿಟ್ಟು, ತಿರುಗಿಯೂ ನೋಡಲಿಲ್ಲ.

ಬೇರೆ ಕಡೆ ಸಾಲ ತೆಗೆದು ಹೊರಟುಬಿಟ್ಟನೋ ಏನೋ. ಆ ಚಿಂತೆಗೇ ಇಷ್ಟು ಬರೆದೆ.