ಕೆರೆಯ ಕೆಲಸ, ಊರಿನ ಕೂಲಿ

ವೈಟ್‌ಫೀಲ್ಡ್ ಎಂದೊಡನೆ ನಮ್ಮ ವಾಚಕರ ಕಣ್ಣ ಮುಂದೆ ಗಾಜಿನ ಸೌಧಗಳೂ ಗಣಕಯಂತ್ರಗಳೂ ಬಂದು ನಿಲ್ಲುವುವು. ಆದರೆ ಆ ಊರು ೧೮೮೨ರಲ್ಲಿ ಹುಟ್ಟಿದುದು ಬೇಸಾಯಗಾರರ ವಸತಿಯಾಗಿ. ಉತ್ತು ಬಿತ್ತಿ ಸ್ವಾವಲಂಬಿಗಳಾಗಿ ಬಾಳಲೆಂದು ಆಂಗ್ಲೋ-ಇಂಡಿಯನ್ನರ ಸಂಘಕ್ಕೆ ಮೈಸೂರಿನ ಚಾಮರಾಜೇಂದ್ರ ಒಡೆಯರು ಸುಮಾರು ೩,೯೦೦ ಎಕರೆ ಭೂಮಿಯನ್ನು ದಯಪಾಲಿಸಿದ್ದರು. ಪೀಣ್ಯದ ಕಾರ್ಖಾನೆಗಳೂ ಕೋನಪ್ಪನ ಅಗ್ರಹಾರದ ಎಲೆಕ್ಟ್ರಾನಿಕ್ ಸಿಟಿಯೂ ಎದ್ದುದು ೧೯೭೦ರ ದಶಕದಿಂದೀಚೆಗೆ. ಅದಕ್ಕೆ ಮುಂಚೆ ಆ ಸೀಮೆಯೆಲ್ಲ ರಾಗಿಯ ಹೊಲ, ಕೆರೆಯ ಕೆಳಗಿನ ಗದ್ದೆ.

ಆ ಹೊಲಗದ್ದೆಗಳು ತಾವಾಗಿಯೇ ಉಂಟಾದುವಲ್ಲ. ಬೆಳ್ಳಂದೂರಿಗೆ ಸಮೀಪದ ಅಗರದಲ್ಲಿ ಗಂಗರ ಕಾಲದ, ಸುಮಾರು ಕ್ರಿ.ಶ. ೮೭೦ರ, ಒಂದು ಕನ್ನಡ ಶಾಸನವುಂಟು. ಇರುಗಮಯ್ಯನೆಂಬವನು ಎರಡು ಕೆರೆಗಳಿಗೆ ತೂಬನ್ನಿಡಿಸಿ, ಮೂಡಣ ಕೆರೆಯನ್ನು ಕಟ್ಟಿಸಿ, ಆ ಮೂರು ಕೆರೆಗಳ ಬಿತ್ತುವಟ್ಟವನ್ನು ಪಡೆದನೆಂದು ಅದು ಸಾರುತ್ತದೆ. ಕೆರೆಯನ್ನು ಕಟ್ಟಿ ಕಾಯುವವನಿಗೆ ಅದರ ಕೆಳಗಿನ ನೆಲದಲ್ಲಿ ಪಾಲು, ಇದೇ ಬಿತ್ತುವಟ್ಟ. ಸಾವಿರದ ನೂರು ವರುಷಗಳ ಹಿಂದೆಯೇ ಊರಿನ ದುಡಿಮೆಗೂ ಊರಿನ ಬೆಳೆಗೂ ನಮ್ಮ ಹಿರಿಯರು ಗಂಟು ಹಾಕಿದ್ದರು. ಒಂದು ಕೆರೆಯ ಕೋಡಿ ಹರಿದರೆ ಆ ನೀರು ಕಾಲುವೆ ಹಿಡಿದು ಮುಂದಿನ ಕೆರೆಗೆ ಹೋಗುವುದು; ನೀರುಗಂಟಿಯು ತೂಬನ್ನೆತ್ತಿ ಗದ್ದೆಗದ್ದೆಗೆ ಸರದಿಯಂತೆ ಹಾಯಿಸುವನು; ಬೇಸಗೆಯಲ್ಲಿ ಊರವರು ಹೂಳೆತ್ತಿ ಆ ಗೋಡನ್ನು ಬಂಡಿಗಳಲ್ಲಿ ಹೊಲಕ್ಕೆ ಹೊಡೆಯುವರು. ಕೆರೆಗೆ ಹೊರೆಯಾದುದೇ ಹೊಲಕ್ಕೆ ಗೊಬ್ಬರ.

ಆ ಹೊಲದ ಬೇಸಾಯವೂ ಹಾಗೆಯೇ ವಿವೇಕದ್ದು. ಆನೇಕಲ್, ಹೊಸಕೋಟೆ, ಕೋಲಾರದ ಕಡೆಯ ರೈತನು ರಾಗಿಯನ್ನು ಒಂಟಿಯಾಗಿ ಬಿತ್ತಿದವನಲ್ಲ. ನಡುನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ, ಜೋಳಗಳ ಅಕ್ಕಡಿ ಸಾಲನ್ನಿಡುತ್ತಿದ್ದನು. ಅವರೆ ತೊಗರಿಗಳ ಬೇರು ನೆಲಕ್ಕೆ ಸಾರವನ್ನು ಕೂಡಿಸುವುದು. ಹುಚ್ಚೆಳ್ಳಿನ ಹೂವಿಗೆ ಜೇನು ಬರುವುದು. ಮಳೆ ತಪ್ಪಿ ಒಂದು ಬೆಳೆ ಹೋದರೂ ಇನ್ನೊಂದು ಮನೆಗೆ ಬರುವುದು. ಈಚೆಗೆ ‘ಸುಸ್ಥಿರ ಕೃಷಿ’ ಎಂದು ಸಭೆಗಳಲ್ಲಿ ಉಪನ್ಯಾಸ ಮಾಡುವವರು ಒಮ್ಮೆ ಅಕ್ಕಡಿಯ ಹೊಲವನ್ನು ನೋಡಿ ಬಂದರೆ ಮಾತು ಕಡಿಮೆಯಾದೀತು.

ಹಳೆಯದೆಲ್ಲ ಹೊನ್ನೆಂದು ನಾವು ಹೇಳಹೊರಟಿಲ್ಲ. ಗೋಡಿನ ಲಾಭ ಯಾರ ಹೊಲಕ್ಕೆ, ಗುದ್ದಲಿ ಯಾರ ಕೈಗೆ ಎಂದು ಕೇಳಿದರೆ ಹಲವು ಊರುಗಳ ಮುಖ ಕಪ್ಪಿಡುವುದು. ಬಿಟ್ಟಿಯ ದುಡಿಮೆ ಕೆಳಜಾತಿಯವರ ಪಾಲಿಗೆ, ನೀರು ಒಡೆಯನ ಗದ್ದೆಗೆ. ಆದುದರಿಂದಲೇ ೨೦೦೫ರ ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆಯನ್ನು ನಾವು ಮನಸಾರೆ ಕೊಂಡಾಡುತ್ತೇವೆ. ಅದೇ ಕೆರೆ, ಅದೇ ಹೂಳು, ಅದೇ ಗುದ್ದಲಿ. ಆದರೆ ಬಿಟ್ಟಿಯಿದ್ದೆಡೆ ಕೂಲಿ, ಅಪ್ಪಣೆಯಿದ್ದೆಡೆ ಹಕ್ಕು. ಗಂಡಿಗೂ ಹೆಣ್ಣಿಗೂ ಸಮಾನ ಕೂಲಿ. ಕುಟುಂಬವೊಂದಕ್ಕೆ ವರುಷಕ್ಕೆ ೧೦೦ ದಿನ ಕೆಲಸ. ಕೇಳಿದ ೧೫ ದಿನಗಳೊಳಗೆ ಕೆಲಸ ಕೊಡದಿದ್ದರೆ ಭತ್ಯ. ೨೦೦೬ರ ಫೆಬ್ರವರಿ ೨ರಂದು ದೇಶದ ೨೦೦ ಜಿಲ್ಲೆಗಳಲ್ಲಿ ಅದು ಆರಂಭವಾದಾಗ ನಮ್ಮ ನಾಡಿನ ಬೀದರ, ಗುಲ್ಬರ್ಗ, ರಾಯಚೂರು, ಚಿತ್ರದುರ್ಗ, ದಾವಣಗೆರೆಗಳು ಅದರಲ್ಲಿದ್ದುವು. ನಿಜಾಮನ ಆಳ್ವಿಕೆಯಲ್ಲಿದ್ದ ಸೀಮೆಯೂ ಮೈಸೂರರಸರ ಸೀಮೆಯೂ ಒಂದೇ ಪಟ್ಟಿಯಲ್ಲಿ ನಿಂತುದನ್ನು ಕಂಡು, ೧೯೫೬ರ ಏಕೀಕರಣಕ್ಕಾಗಿ ದುಡಿದ ಹಿರಿಯರು ನಮಗೆ ನೆನಪಾದರು. ೨೦೦೮ರ ಏಪ್ರಿಲಿನಿಂದ ಬೆಂಗಳೂರು, ಕೋಲಾರದ ಹಳ್ಳಿಗಳಿಗೂ ಅದು ಬಂದಿತು.

ಬಂದುದು ಹಳ್ಳಿಗಳಿಗೆ ಮಾತ್ರ. ಅದಕ್ಕೆ ಒಂದು ವರುಷ ಮೊದಲೇ, ೨೦೦೭ರಲ್ಲಿ, ೧೧೦ ಹಳ್ಳಿಗಳು ಬೆಂಗಳೂರು ಮಹಾನಗರಕ್ಕೆ ಸೇರಿಹೋಗಿದ್ದುವು. ಕೆರೆ ಇದ್ದಲ್ಲಿಯೇ ಇತ್ತು. ಕಾಗದದಲ್ಲಿ ಊರು ನಗರವಾಯಿತು. ಪಂಚಾಯಿತಿ ಹೋಯಿತು, ಖಾತರಿಯ ಕೂಲಿ ಅಲ್ಲಿಗೆ ಬರಲಿಲ್ಲ, ನೀರುಗಂಟಿಯ ಹೆಸರೇ ಮರೆತಿತು. ಕಾಯುವವರಿಲ್ಲದ ಕೆರೆಯ ಗತಿಯನ್ನು ಬೆಳ್ಳಂದೂರು ಲೋಕಕ್ಕೆ ತೋರಿಸಿತು: ೨೦೧೫ರಲ್ಲಿಯೂ ೨೦೧೭ರಲ್ಲಿಯೂ ಅಲ್ಲಿ ಬೆಂಕಿಯೆದ್ದಿತು. ನೀರಿನ ಮೇಲೆ ಬೆಂಕಿ! ಅದರ ನೊರೆ ವರ್ತೂರನ್ನು ದಾಟಿ, ದಕ್ಷಿಣ ಪಿನಾಕಿನಿಯ ಹಾದಿಯಾಗಿ ಗಡಿಯಾಚೆಯ ಹೊಸೂರಿನ ಕೆಲವರಪಳ್ಳಿ ಅಣೆಕಟ್ಟಿನವರೆಗೂ ಹೋಯಿತು. ಹೊಸೂರಿನಲ್ಲಿ ಇಂದಿಗೂ ಕನ್ನಡ ಮಾತಾಡುವ ಮನೆಗಳುಂಟು. ಆ ಬಂಧುಗಳಿಗೆ ರಾಜಧಾನಿಯು ಕಳುಹುವ ಉಡುಗೊರೆ ಇದೆಯೇ?

ಕೋಲಾರಕ್ಕಾದರೋ ೨೦೧೮ರ ಜೂನಿನಿಂದ ಬೆಂಗಳೂರಿನ ಕೊಳೆನೀರು ಶುದ್ಧಿಯಾಗಿ ಕೊಳವೆಗಳಲ್ಲಿ ಹರಿಯತೊಡಗಿತು. ದಿನಕ್ಕೆ ೪೪೦ ದಶಲಕ್ಷ ಲೀಟರು ಕಳುಹುವ ಉದ್ದೇಶದ ಯೋಜನೆಯದು. ಮೊದಲ ನೀರು ಬಿದ್ದುದು ಲಕ್ಷ್ಮೀಸಾಗರದ ಕೆರೆಗೆ. ಮುಂದೆ ಕೆರೆಯಿಂದ ಕೆರೆಗೆ ಹಳೆಯ ಕಾಲುವೆಗಳೇ ಅದನ್ನು ಒಯ್ದುವು. ಬರದ ಜಿಲ್ಲೆಗೆ ನೀರು ಬಂದುದು ಸಂತೋಷವೇ. ಆದರೆ ಆ ನೀರಿಗೆ ಮೂರನೆಯ ಹಂತದ ಶುದ್ಧಿಯೂ ಆಗಲೇಬೇಕೆಂದು ಅಲ್ಲಿಯ ರೈತರು ಕೇಳುತ್ತ ಬಂದಿರುವುದು ಸಾಹುಕಾರಿಕೆಯಲ್ಲ, ನ್ಯಾಯ.

೨೦೨೫ರ ಡಿಸೆಂಬರಿನಲ್ಲಿ ಪಾರ್ಲಿಮೆಂಟು ಹಳೆಯ ಕಾಯಿದೆಯ ಸ್ಥಾನಕ್ಕೆ ಹೊಸದೊಂದನ್ನು ಅಂಗೀಕರಿಸಿತು. ಕೆಲಸದ ದಿನಗಳು ೧೦೦ರಿಂದ ೧೨೫ಕ್ಕೇರಿದುದನ್ನು ನಾವು ಮೆಚ್ಚುತ್ತೇವೆ. ಆದರೆ ಮೊದಲು ಮೈಗೂಲಿಯ ಪೂರ್ತಿ ವೆಚ್ಚ ಕೇಂದ್ರದ್ದಾಗಿದ್ದಿತು. ಹೊಸ ಕಾಯಿದೆ ನೂರಕ್ಕೆ ೪೦ ಪಾಲನ್ನು ನಮ್ಮಂಥ ರಾಜ್ಯಗಳ ಮೇಲೆ ಹೊರಿಸಿತು. ಬಿತ್ತನೆ, ಕುಯಿಲಿನ ಕಾಲಗಳಲ್ಲಿ ೬೦ ದಿನಗಳವರೆಗೆ ಕೆಲಸ ನಿಲ್ಲಿಸಲೂ ಎಡೆಮಾಡಿತು. ಕೆರೆಯ ಕೆಲಸಕ್ಕೆ ಈ ವಿರಾಮದಿಂದ ಅಷ್ಟು ಹಾನಿಯಿಲ್ಲ. ಹೂಳೆತ್ತುವುದು ಹೇಗೂ ಬೇಸಗೆಯಲ್ಲಿ. ಹಾನಿಯಿರುವುದು ಹಣ ತಡವಾದಲ್ಲಿ. ಮುಂಗಾರಿನ ಮೊದಲ ಹನಿ ಬಿದ್ದ ಮೇಲೆ ಬಂದ ಹಣದಿಂದ ಯಾವ ಕೆರೆಯ ಹೂಳೂ ಏಳದು. ಕೇಂದ್ರವೂ ರಾಜ್ಯವೂ ತಂತಮ್ಮ ಪಾಲಿಗಾಗಿ ಒಬ್ಬರ ಮುಖವನ್ನೊಬ್ಬರು ನೋಡುತ್ತ ಕುಳಿತರೆ ‘ಹಕ್ಕು’ ಎಂಬ ಮಾತು ಕಾಗದದಲ್ಲಿ ಉಳಿದು, ಕೂಲಿಯವನು ಮತ್ತೆ ದಯೆಗಾಗಿ ಕೈಯೊಡ್ಡಬೇಕಾಗುವುದು. ಕರ್ನಾಟಕ ಸರಕಾರದವರು ಕೆರೆ, ಕಾಲುವೆಗಳ ಪಾಲನ್ನು ಶಿವರಾತ್ರಿಯೊಳಗೆ ಪಂಚಾಯಿತಿಗಳಿಗೆ ಮುಟ್ಟಿಸತಕ್ಕದ್ದು. ನಗರಕ್ಕೆ ಸೇರಿದ ಹಳ್ಳಿಗಳ ಕೆರೆಗಳಿಗೆ ನಗರದವರೇ ಸಂಬಳದ ನೀರುಗಂಟಿಗಳನ್ನು ನೇಮಿಸತಕ್ಕದ್ದು. ಆ ಕೆಲಸ ಬಲ್ಲ ಮನೆತನಗಳು ಇನ್ನೂ ಅಲ್ಲಲ್ಲಿ ಇರುವುವು. ಉಪಾಧ್ಯಾಯರಾದ ನಮ್ಮ ವಾಚಕರು ಮುಂದಿನ ಗ್ರಾಮಸಭೆಗೆ ಹೋಗಿ, ತಮ್ಮೂರ ಕೆರೆಯ ಹೆಸರು ಕೆಲಸದ ಪಟ್ಟಿಯಲ್ಲಿದೆಯೇ ಎಂದು ನೋಡಲಿ. ಓದುಬಾರದವರಿಗೆ ಕೆಲಸದ ಅರ್ಜಿಯನ್ನು ಬರೆದುಕೊಟ್ಟು, ತಾರೀಖು ಹಾಕಿದ ರಸೀತಿಯನ್ನು ಕೇಳಿ ಕೊಡಿಸಲಿ.