ಮೆಂಡಿ ಹಡಗಿನ ತಿಥಿ

ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಸೌತಾಂಪ್ಟನ್ನಿನಲ್ಲಿ ಹಾಲಿಬ್ರೂಕ್ ಅನ್ನೋ ಸ್ಮಶಾನ ಇದೆ. ಅಲ್ಲೊಂದು ಕಲ್ಲಿನ ಗೋಡೆ. ಸಮುದ್ರವೇ ಗೋರಿಯಾದ ಸುಮಾರು 1,900 ಜನರ ಹೆಸರು ಅದರ ಮೇಲೆ. ಪ್ರತಿ ವರ್ಷ ಫೆಬ್ರವರಿ 21ರ ಆಸುಪಾಸಿನಲ್ಲಿ ಜನ ಅಲ್ಲಿ ಸೇರಿ ಹೂ ಇಟ್ಟು ಪ್ರಾರ್ಥನೆ ಮಾಡ್ತಾರೆ. ಮೆಂಡಿ ಹಡಗಿನ ತಿಥಿ ಅದು.

ನಾನು ಬಿ.ಎ.ಗೆ ಚರಿತ್ರೆ ಓದಿದವನು. ಮೊದಲನೇ ಮಹಾಯುದ್ಧವನ್ನು ಗಿಳಿಪಾಠ ಒಪ್ಪಿಸಿ ಪಾಸಾದವನು. ಮೆಂಡಿ ಅನ್ನೋ ಹೆಸರು ನನ್ನ ಪುಸ್ತಕದಲ್ಲಿ ಇರಲಿಲ್ಲ.

1917ರ ಜನವರಿಯಲ್ಲಿ ಕೇಪ್‌ಟೌನಿನಿಂದ ಆ ಹಡಗು ಹೊರಟಿತು. ಒಳಗಿದ್ದವರು ದಕ್ಷಿಣ ಆಫ್ರಿಕಾದ ಕಪ್ಪು ಕೂಲಿಪಡೆಯವರು, ಹೆಚ್ಚಿನವರು ಹಳ್ಳಿಗರು. ಯುದ್ಧಕ್ಕೆ ಕರೆದೊಯ್ದರೂ ಅವರ ಕೈಗೆ ಬಂದೂಕು ಕೊಡುವ ಹಾಗಿರಲಿಲ್ಲ. ಬಿಳಿಯನ ಮೇಲೆ ಗುಂಡು ಹಾರಿಸೋದನ್ನ ಕಪ್ಪು ಮನುಷ್ಯ ಕಲಿತರೆ ಗತಿಯೇನು? ಹಾಗಾಗಿ ಫ್ರಾನ್ಸಿನಲ್ಲಿ ಹಡಗಿನ ಮೂಟೆ ಇಳಿಸೋದು, ಮರ ಕಡಿಯೋದು. ರಾತ್ರಿ ಮಲಗೋಕೆ ಬೇಲಿ ಹಾಕಿದ ದೊಡ್ಡಿ, ಕಿಂಬರ್ಲಿಯ ವಜ್ರದ ಗಣಿಗಳಲ್ಲಿ ಇದ್ದ ಹಾಗೆ.

ಫೆಬ್ರವರಿ 21ರ ಬೆಳಗಿನ ಜಾವ, ವೈಟ್ ದ್ವೀಪದ ಹತ್ತಿರ, ದಟ್ಟ ಮಂಜು. ಡಾರೋ ಅನ್ನೋ ದೊಡ್ಡ ಹಡಗು ಸಿಳ್ಳೆ ಕೂಡ ಹಾಕದೆ ವೇಗವಾಗಿ ಬಂದು ಮೆಂಡಿಯ ಪಕ್ಕೆಗೆ ಗುದ್ದಿತು. ಅರ್ಧ ಗಂಟೆಯೊಳಗೆ ಮುಳುಗಿತು. 600ಕ್ಕೂ ಹೆಚ್ಚು ಕಪ್ಪು ಜನ ಸತ್ತರು. ಡಾರೋ ಅಲ್ಲೇ ನಿಂತಿತ್ತು, ನೀರಲ್ಲಿ ಕೂಗುತ್ತಿದ್ದವರನ್ನು ಎತ್ತಲು ಒಂದು ದೋಣಿಯನ್ನೂ ಇಳಿಸಲಿಲ್ಲ. ವಿಚಾರಣೆ ನಡೆಯಿತು. ಅದರ ಕ್ಯಾಪ್ಟನ್ನನ ಲೈಸೆನ್ಸನ್ನು ಒಂದು ವರ್ಷ ಅಮಾನತು ಮಾಡಿದರು. ಒಂದೇ ವರ್ಷ!

ಮಾರ್ಚಿನಲ್ಲಿ ಪ್ರಧಾನಿ ಬೋಥಾ ಈ ಸುದ್ದಿಯನ್ನು ದಕ್ಷಿಣ ಆಫ್ರಿಕಾದ ಪಾರ್ಲಿಮೆಂಟಿಗೆ ತಿಳಿಸಿದ. ಬಿಳಿ ಸದಸ್ಯರೆಲ್ಲ ಎದ್ದು ನಿಂತು ಗೌರವ ಸಲ್ಲಿಸಿದರು. ಆಮೇಲೆ ಕೂತರು. 1913ರಲ್ಲಿ ಭೂಮಿ ಕಾನೂನು ಮಾಡಿ ಕಪ್ಪು ಜನಕ್ಕೆ ದೇಶದ ನೆಲದಲ್ಲಿ ನೂರಕ್ಕೆ ಏಳು ಪಾಲು ಮಾತ್ರ ಬಿಟ್ಟಿದ್ದ ಪಾರ್ಲಿಮೆಂಟೇ ಅದು. ಯುದ್ಧ ಮುಗಿದ ಮೇಲೆ ಬದುಕಿ ಬಂದ ಕೂಲಿಗಳಿಗೆ ಪದಕ ಕೊಡಲೂ ಆ ಸರ್ಕಾರ ಒಪ್ಪಲಿಲ್ಲ. ಪಕ್ಕದ ಬಸುಟೋಲ್ಯಾಂಡಿನ ಕೂಲಿಗಳಿಗೆ ಬ್ರಿಟಿಷರ ಪದಕ ಸಿಕ್ಕಿತು.

ಹಾಲಿಬ್ರೂಕಿನ ಅದೇ ಗೋಡೆಯ ಮೇಲೆ ಇನ್ನೊಂದು ಹೆಸರಿದೆ: ಲಾರ್ಡ್ ಕಿಚನರ್. 1916ರಲ್ಲಿ ಅವನೂ ಸಮುದ್ರದ ಪಾಲಾದ. ನಮ್ಮ ದೇಶದ ಸೇನೆಗೂ ದಂಡನಾಯಕನಾಗಿದ್ದವನು. ಬೋಯರ್ ಯುದ್ಧದಲ್ಲಿ ಹೊಲಮನೆ ಸುಡಿಸಿ, ಹೆಂಗಸರು ಮಕ್ಕಳನ್ನು ಕ್ಯಾಂಪುಗಳಿಗೆ ತುಂಬಿದವನು. ಕಪ್ಪು ಜನಕ್ಕೆ ಬೇರೆ ಕ್ಯಾಂಪು, ಅಲ್ಲೂ ಸಾವಿರಾರು ಸಾವು. ಒಂದೇ ಕಲ್ಲು, ಒಂದೇ ಅಕ್ಷರ. ಸಾವು ಎಲ್ಲರನ್ನೂ ಸಮ ಮಾಡುತ್ತೆ ಅಂತ ಪಾದ್ರಿಗಳು ಹೇಳಬಹುದು. ನನಗೆ ಹೊಟ್ಟೆ ಉರಿಯುತ್ತೆ.

ತಿಥಿಯ ದಿನ ಒಂದು ಕಥೆ ಹೇಳ್ತಾರೆ. ಮುಳುಗೋ ಡೆಕ್ಕಿನ ಮೇಲೆ ಡ್ಯೋಭಾ ಅನ್ನೋ ಪಾದ್ರಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ನಾವು ಅಣ್ಣತಮ್ಮಂದಿರು ಅಂತ ಧೈರ್ಯ ತುಂಬಿ, ಬರಿಗಾಲಲ್ಲಿ ಸಾವಿನ ಕುಣಿತ ಕುಣಿಸಿದನಂತೆ. ಬಾಯಿಂದ ಬಾಯಿಗೆ ಬಂದ ಕಥೆ. ಇದಕ್ಕೆ ಅಂದಿನ ದಾಖಲೆ ಎಲ್ಲಿ ಅಂತ ಇತಿಹಾಸಕಾರರು ಕೇಳ್ತಾರೆ. ಪದ್ಯ ಬರೆಯೋನಾಗಿ ನನಗೆ ಆ ಕಥೆ ಬೇಕು. ಪದಕ ಕೊಡದವರ ಎದುರು ಜನ ತಾವೇ ಕಟ್ಟಿಕೊಂಡ ಪದಕ ಅದು. ಆದರೆ ಕುಣಿತದ ಸದ್ದಿನಲ್ಲಿ ಡಾರೋ ಇಳಿಸದ ದೋಣಿಗಳನ್ನು ಮರೆತರೆ ಹೇಗೆ?

ದಕ್ಷಿಣ ಆಫ್ರಿಕಾದ ಕಪ್ಪು ಜನ ಈ ದಿನವನ್ನು ಎಷ್ಟೋ ವರ್ಷದಿಂದ ತಾವೇ ಉಳಿಸಿಕೊಂಡು ಬಂದವರು. 1930ರ ದಶಕದಲ್ಲಿ ಮೆಂಡಿ ಹೆಸರಲ್ಲಿ ಹುಡುಗರ ಓದಿಗೆ ದುಡ್ಡು ಕೂಡಿಸಿದರು. ತಿಥಿ ಅಂದರೆ ಅದು! ಬಾಬಾಸಾಹೇಬರು 1927ರ ಜನವರಿ 1ರಂದು ಕೋರೆಗಾಂವ್ ಕಂಬದ ಹತ್ತಿರ ಹೋದದ್ದೂ ಬರೀ ಹೂ ಇಡೋಕಲ್ಲ. ಮೆಂಡಿ ಮುಳುಗಿದ ವರ್ಷವೇ ಬ್ರಿಟಿಷರು 111ನೇ ಮಹಾರ್ ಪಡೆ ಕಟ್ಟಿದರು. ಕೆಲಸ ಮುಗೀತು, 1921ರಲ್ಲಿ ಬರಖಾಸ್ತು. ಕಡಲಾಚೆಯ ಈ ಕೂಲಿಗಳು ನಮಗೆ ದೂರದವರಲ್ಲ.

2012ರಿಂದ ಅಲ್ಲಿ ಫೆಬ್ರವರಿ 21 ಸೇನಾ ದಿನ. ಟ್ಯಾಂಕು, ವಿಮಾನ, ಕವಾಯತು. ಬಂದೂಕು ಮುಟ್ಟಗೊಡದೆ ಕೊಂದವರ ದಿನ ಬಂದೂಕಿನ ಮೆರವಣಿಗೆ! ಅವರ ಸ್ವಂತ ಸರ್ಕಾರ, ಸ್ವಂತ ಸೇನೆ, ಆ ಹೆಮ್ಮೆ ನನಗೂ ಅರ್ಥ ಆಗುತ್ತೆ. ಆದರೂ ಆ ದುಡ್ಡಲ್ಲಿ ಒಂದಷ್ಟು ಮಕ್ಕಳು ಓದಬಹುದಿತ್ತು ಅಂತ ಹೇಳದೆ ಇರಲಾರೆ.

2017ರಲ್ಲಿ ಯಾರೋ ಒಬ್ಬರು, ಹೆಸರು ಹೇಳದೆ, ಮೆಂಡಿಯ ಗಂಟೆಯನ್ನು ಒಬ್ಬ ವರದಿಗಾರನಿಗೆ ಮುಟ್ಟಿಸಿದರು. ಮಾರನೇ ವರ್ಷ ಬ್ರಿಟನ್ನಿನ ಪ್ರಧಾನಿ ಅದನ್ನು ಕೇಪ್‌ಟೌನಿಗೆ ಒಯ್ದು ಕೊಟ್ಟರು. 101 ವರ್ಷದ ಹಿಂದೆ ಹಡಗು ಹೊರಟ ಊರಿಗೆ ಗಂಟೆಯೊಂದೇ ವಾಪಸು ಬಂತು.