ಬಿಡುಗಡೆಯಾಗದ ಲವಲವಿಕೆ

2012ರ ‘ಬಾರ್ನ್ ಟು ಡೈ’ ಆಲ್ಬಂನಿಂದ ಜಗತ್ತಿಗೆ ಪರಿಚಿತರಾದ ಅಮೆರಿಕದ ಗಾಯಕಿ ಲಾನಾ ಡೆಲ್ ರೇ ಅವರ ಹೆಸರು ನಿಧಾನಗತಿ, ತಂತಿವಾದ್ಯಗಳ ಭಾರ ಮತ್ತು ವಿಷಾದದೊಂದಿಗೆ ಬೆಸೆದುಕೊಂಡಿದ್ದರೂ, ಅವರು ಧ್ವನಿಮುದ್ರಿಸಿ ಅಧಿಕೃತವಾಗಿ ಹೊರತರದೆ ಬಿಟ್ಟ, ಆದರೆ ಸೋರಿಕೆಯಾಗಿ ಅಭಿಮಾನಿಗಳ ಕೈಸೇರಿದ ಹಾಡುಗಳಲ್ಲಿ ಬೇರೆಯೇ ಒಬ್ಬ ಗಾಯಕಿ ಕೇಳಿಸುತ್ತಾರೆ. ಅವುಗಳಲ್ಲೊಂದಾದ ‘ಕ್ವೀನ್ ಆಫ್ ಡಿಸಾಸ್ಟರ್’ನಲ್ಲಿ ಕುಣಿಸುವ ತಾಳವಿದೆ, ತುಂಟತನದ ಎಳೆಯ ದನಿಯಿದೆ; ಅನಾಹುತದ ಗೀಳು ಮಾತ್ರ, ಶೀರ್ಷಿಕೆಯೇ ಸಾರುವಂತೆ, ಇಲ್ಲಿಯೂ ಅವರನ್ನು ಬಿಟ್ಟಿಲ್ಲ. ಇಂಥವನ್ನು ಒಟ್ಟುಗೂಡಿಸಿ ಕೇಳುಗರು ಕಲ್ಪಿಸಿಕೊಳ್ಳಬಹುದಾದ ಪಾಪ್ ಆಲ್ಬಂ, ಅಂದರೆ ಚುರುಕು ಲಯವನ್ನೂ ಒಮ್ಮೆ ಕೇಳಿದರೆ ನಾಲಿಗೆಯ ಮೇಲೆ ನಿಲ್ಲುವ ಪಲ್ಲವಿಯನ್ನೂ ನೆಚ್ಚಿದ ಹಾಡುಗಳ ಗುಚ್ಛ, ಬರಿಯ ಹಗಲುಗನಸಲ್ಲ: ಅವರ ‘ಸಮ್ಮರ್‌ಟೈಮ್ ಸ್ಯಾಡ್‌ನೆಸ್’ ಅನ್ನು ಸೆಡ್ರಿಕ್ ಜರ್ವೇ ನೃತ್ಯಕ್ಕೊಪ್ಪುವಂತೆ ಮರುಹೊಂದಿಸಿದ ರೀಮಿಕ್ಸ್ 2014ರಲ್ಲಿ ಗ್ರ್ಯಾಮಿ ಪ್ರಶಸ್ತಿಯನ್ನೇ ಪಡೆಯಿತು. ಆದರೆ ಅದೇ ವರ್ಷದ ‘ಅಲ್ಟ್ರಾವಯಲೆನ್ಸ್’ ಆಲ್ಬಂನಲ್ಲಿ ಲಾನಾ ಗಿಟಾರಿನ ಮಬ್ಬುನಾದದತ್ತ ಹೊರಳಿದರು, 2023ರಲ್ಲಿ ಹಳೆಯ ಸೋರಿಕೆಯೊಂದನ್ನು ಅಧಿಕೃತವಾಗಿ ಬಿಡುಗಡೆ ಮಾಡಿದಾಗಲೂ ಆಯ್ಕೆಯಾದದ್ದು ‘ಸೇ ಯೆಸ್ ಟು ಹೆವನ್’ ಎಂಬ ಮೆಲುನಡೆಯ ಹಾಡು. ಕಲಾವಿದೆಯ ಆಯ್ಕೆಯನ್ನು ಗೌರವಿಸಬೇಕಾದದ್ದೇ. ಆದರೂ ಆ ಚುರುಕು ಹಾಡುಗಳು ಮೂಲೆಗೆಸೆಯುವ ಕರಡುಗಳಲ್ಲ, ಸ್ವತಂತ್ರ ಆಲ್ಬಮೊಂದಕ್ಕೆ ಅರ್ಹವಾದವು.